ಬಂದರಿನ ಬಾಗಿಲೂ ದೊಡ್ಡಆಲಹಳ್ಳಿಯ ಸೊಪ್ಪೂ

ಮಗಳ ಮನೆಗೆಂದು ಆಸ್ಟ್ರೇಲಿಯಾಕ್ಕೆ ಹೊರಟಾಗ ದೊಡ್ಡಆಲಹಳ್ಳಿಯ ನನ್ನ ಅಕ್ಕ ತನ್ನ ತೋಟದ ಆರು ಬಾದಾಮಿ ಮಾವಿನ ಹಣ್ಣುಗಳನ್ನು ಭತ್ತದ ಹುಲ್ಲಿನಲ್ಲಿ ಸುತ್ತಿ ಕೊಟ್ಟಿದ್ದಳು. ಮೊಮ್ಮಗ ಊರಿನ ರುಚಿ ಮರೆಯಬಾರದೆಂಬುದು ಅವಳ ಆಸೆ. ವಿಮಾನದಲ್ಲಿ ಕೊಟ್ಟ ಚೀಟಿಯಲ್ಲಿ ಹಣ್ಣು, ತರಕಾರಿ, ಬೀಜ, ಗಿಡ ಏನಾದರೂ ತಂದಿದ್ದೀರಾ ಎಂಬ ಪ್ರಶ್ನೆಯಿತ್ತು. ಹೌದು ಎಂದು ಗುರುತು ಹಾಕಿದೆ. ನಿಲ್ದಾಣದ ಅಧಿಕಾರಿ ಕೈಗವಸು ತೊಟ್ಟು ಹಣ್ಣುಗಳನ್ನು ಒಂದೊಂದಾಗಿ ಎತ್ತಿ ದಪ್ಪ ಚೀಲವೊಂದಕ್ಕೆ ಹಾಕಿದರು. ಹುಲ್ಲನ್ನೂ ಬಿಡಲಿಲ್ಲ. ನೆಲಕ್ಕೆ ಉದುರಿದ್ದ ಎರಡು ಎಳೆಗಳನ್ನು ಬಾಗಿ ಆಯ್ದುಕೊಂಡರು. ಮುಚ್ಚಿಡದೆ ಹೇಳಿದ್ದಕ್ಕೆ ಧನ್ಯವಾದ, ಮುಚ್ಚಿಟ್ಟಿದ್ದರೆ ದಂಡ ಕಟ್ಟಬೇಕಿತ್ತು ಎಂದು ನಕ್ಕು ಕಳುಹಿಸಿದರು.

ನನಗೆ ನಗು ಬರಲಿಲ್ಲ. ಆರು ಮಾವಿನ ಹಣ್ಣಿನಿಂದ ಒಂದು ಖಂಡಕ್ಕೆ ಏನು ಆಪತ್ತು ಬಂದೀತು? ಅಕ್ಕನ ಅಕ್ಕರೆಯನ್ನೇ ಕಸದ ಬುಟ್ಟಿಗೆ ಎಸೆದಂತೆ ಅನ್ನಿಸಿ, ಅಲ್ಲಿದ್ದ ಎರಡು ತಿಂಗಳೂ ಆ ಮಾತನ್ನು ಮತ್ತೆ ಮತ್ತೆ ಆಡುತ್ತಿದ್ದೆ. ಮರಳುವಾಗ ಮಾತ್ರ, ಆ ಊರಿನ ಪರಿಚಿತರೊಬ್ಬರ ಅಂಗಳದ ಹಳದಿ ಗುಲಾಬಿಗೆ ಮನಸೋತು ಎರಡು ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟುಕೊಂಡೆ. ಜೊತೆಗೆ ನಾಲ್ಕು ಪೀಚ್ ಹಣ್ಣು. ನಮ್ಮ ದೇಶದ ನಿಲ್ದಾಣದಲ್ಲಿ ಇಳಿದಾಗ, ಘೋಷಿಸಬೇಕಾದುದು ಏನೂ ಇಲ್ಲದವರು ಹೋಗುವ ಹಸಿರು ದಾರಿಯಲ್ಲಿ ನಿರಾಯಾಸವಾಗಿ ನಡೆದು ಹೊರಬಂದೆ. ಚಿನ್ನವಿಲ್ಲ, ಮದ್ಯವಿಲ್ಲ, ಇನ್ನೇನು ಹೇಳುವುದಿದೆ ಎಂಬುದು ಆಗ ನನ್ನ ಸಮಾಧಾನವಾಗಿತ್ತು.

ಕನಕಪುರದಿಂದ ಸಂಗಮಕ್ಕೆ ಹೋಗುವ ರಸ್ತೆಯಲ್ಲಿದೆ ದೊಡ್ಡಆಲಹಳ್ಳಿ. 2007ರಲ್ಲಿ ರಾಮನಗರ ಜಿಲ್ಲೆಗೆ ಸೇರಿದ ಈ ಸೀಮೆಗೆ 2025ರಲ್ಲಿ ರಾಜ್ಯ ಸರ್ಕಾರ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರು ಕೊಟ್ಟಿತು. ಹೆಸರು ಬದಲಾದರೂ ಇಲ್ಲಿಯ ಬದುಕು ಹಿಪ್ಪುನೇರಳೆ ಸೊಪ್ಪು, ರೇಷ್ಮೆ ಗೂಡು, ರಾಗಿ, ಮಾವುಗಳನ್ನೇ ಸುತ್ತುತ್ತದೆ. ಪ್ರವಾಸ ಮುಗಿಸಿ ಅಕ್ಕನ ಮನೆಗೆ ಹೋದಾಗ ಮಾವಿನ ಹಣ್ಣಿನ ಅವಮಾನದ ಕಥೆಯನ್ನು ಬಣ್ಣ ಕಟ್ಟಿ ಹೇಳಿದೆ. ಅವಳು ಸೊಪ್ಪು ಕೊಯ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೇಳಿಸಿಕೊಂಡಳು. ಕೊನೆಗೆ ಹೇಳಿದಳು: ‘ಅವ್ರು ಅವ್ರ ಊರ ಕಾಯ್ಕಂಡ್ರು ಕಣೋ, ಅದ್ರಲ್ಲಿ ತಪ್ಪೇನೈತೆ? ನಮ್ಮ ಸೊಪ್ಪಿಗೆ ಆ ಬಿಳೀ ಹುಳ ಬಂತಲ್ಲ, ಆವಾಗ ಬಾಗಿಲಲ್ಲಿ ಯಾರು ಕೂತಿದ್ರು?’

ನಾನು ನಿರುತ್ತರನಾದೆ. ಅವಳು ಹೇಳಿದ ಬಿಳಿ ಹುಳ ನನಗೂ ನೆನಪಿತ್ತು. 2010ರ ಆಸುಪಾಸಿನಲ್ಲಿ ಅವಳ ತೋಟದ ಗಿಡಗಳ ಚಿಗುರು ಮುರುಟಿ, ಎಲೆಯ ಅಡಿಯಲ್ಲಿ ಹತ್ತಿ ಮೆತ್ತಿದಂತೆ ಬೆಳ್ಳಗಿನ ಹಿಟ್ಟು ಕೂತಿತ್ತು. ಮುಟ್ಟಿದರೆ ಅಂಟು, ಅಂಟಿನ ಮೇಲೆ ಕಪ್ಪು ಬೂಷ್ಟು. ಬೇರೆ ಬೆಳೆಯಾಗಿದ್ದರೆ ಔಷಧಿ ಹೊಡೆಯಬಹುದಿತ್ತು. ರೇಷ್ಮೆಯವರಿಗೆ ಆ ದಾರಿ ಬಹುಪಾಲು ಮುಚ್ಚಿದೆ. ಗಿಡದ ಮೇಲಿನ ಕೀಟವನ್ನು ಕೊಲ್ಲುವ ವಿಷ, ಆ ಸೊಪ್ಪು ತಿನ್ನುವ ರೇಷ್ಮೆ ಹುಳವನ್ನೂ ಕೊಲ್ಲುತ್ತದೆ. ಸಿಂಪಡಿಸಿದರೆ ಹಲವು ದಿನ ಸೊಪ್ಪು ಕೊಯ್ಯುವಂತಿಲ್ಲ, ಹುಳ ಹಸಿವನ್ನು ತಡೆಯುವುದಿಲ್ಲ. ನಾಲ್ಕನೇ ಜ್ವರ ಎದ್ದ ಹುಳು ಹಗಲಿರುಳು ಸೊಪ್ಪು ಬೇಡುತ್ತದೆ. ಆಗ ಸೊಪ್ಪಿಲ್ಲವೆಂದರೆ ಅದುವರೆಗಿನ ಮೊಟ್ಟೆಯ ದುಡ್ಡು, ಕೂಲಿ, ನಿದ್ದೆಗೆಟ್ಟ ರಾತ್ರಿಗಳು ಎಲ್ಲವೂ ತಿಪ್ಪೆಗೆ. ಆ ಬಾರಿ ಅಕ್ಕ, ಭಾವ ಇಬ್ಬರೂ ಹುಳದ ತಟ್ಟೆಗಳನ್ನು ತಿಪ್ಪೆಯ ಬಳಿ ಒಯ್ದು ಸುರಿದುದನ್ನು ನಾನೇ ಕಂಡಿದ್ದೆ.

ಆ ಕೀಟದ ಹೆಸರು ಪಪ್ಪಾಯ ಹಿಟ್ಟುತಿಗಣೆ. ಮೂಲ ನೆಲೆ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. 1990ರ ದಶಕದಲ್ಲಿ ಕೆರಿಬಿಯನ್ ದ್ವೀಪಗಳಿಗೆ, 1998ರಲ್ಲಿ ಅಮೆರಿಕದ ಫ್ಲಾರಿಡಾಕ್ಕೆ ಹಬ್ಬಿತು. 2008ರಲ್ಲಿ ಕೊಯಮತ್ತೂರಿನಲ್ಲಿ ಪಪ್ಪಾಯದ ಮೇಲೆ ಕಾಣಿಸಿಕೊಂಡು, ಅಲ್ಲಿಂದ ಕೇರಳ, ಕರ್ನಾಟಕಗಳಿಗೆ ದಾಟಿತು. ಪಪ್ಪಾಯ, ಹಿಪ್ಪುನೇರಳೆ, ಮರಗೆಣಸು, ಸೀಬೆ, ಬದನೆ, ದಾಸವಾಳ ಎಲ್ಲವೂ ಅದಕ್ಕೆ ಆಹಾರ. ಹೆಣ್ಣು ಕೀಟಕ್ಕೆ ರೆಕ್ಕೆಯಿಲ್ಲ. ಸ್ವಂತ ಬಲದಿಂದ ಅದು ಒಂದು ಬದುವನ್ನು ದಾಟುವುದೂ ಕಷ್ಟ. ಸಾಗರಗಳನ್ನು ಅದು ದಾಟುವುದು ಮನುಷ್ಯ ಹೊತ್ತ ಹಣ್ಣು, ಗಿಡ, ಕಡ್ಡಿಗಳ ಬೆನ್ನೇರಿ. ತೊಟ್ಟಿನ ಸಂದಿಯಲ್ಲಿ ಅಡಗಿದ ಒಂದು ಹೆಣ್ಣು ನೂರಾರು ಮೊಟ್ಟೆಗಳನ್ನಿಡಬಲ್ಲದು. ಅದನ್ನು ತಿಂದು ಹದ್ದಿನಲ್ಲಿಡುವ ಸಹಜ ಶತ್ರುಗಳು ಅದರ ತವರಿನಲ್ಲೇ ಉಳಿದಿರುತ್ತವೆ. ಹೊಸ ನಾಡಿನಲ್ಲಿ ಅದಕ್ಕೆ ಎದುರಾಳಿಯೇ ಇರುವುದಿಲ್ಲ.

ವಿಚಿತ್ರವೆಂದರೆ ಈ ಪಿಡುಗನ್ನು ಅಡಗಿಸಿದ್ದೂ ಒಂದು ಆಮದೇ. ಇಂದು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಎಂದು ಕರೆಯುವ ಬೆಂಗಳೂರಿನ ಸಂಸ್ಥೆಯ ವಿಜ್ಞಾನಿಗಳು 2010ರಲ್ಲಿ ಪೋರ್ಟೊ ರಿಕೊದಿಂದ ಅಸಿರೋಫೇಗಸ್ ಪಪಾಯೆ ಮುಂತಾದ ಮೂರು ಬಗೆಯ ಪುಟ್ಟ ಪರತಂತ್ರ ಕಣಜಗಳನ್ನು ತರಿಸಿದರು. ಸಾಸಿವೆ ಕಾಳಿಗಿಂತ ಚಿಕ್ಕದಾದ ಆ ಕಣಜ ಹಿಟ್ಟುತಿಗಣೆಯ ಒಡಲಲ್ಲಿ ಮೊಟ್ಟೆಯಿಡುತ್ತದೆ, ಮರಿ ಅದನ್ನು ಒಳಗಿನಿಂದಲೇ ತಿಂದು ಹೊರಬರುತ್ತದೆ. ಅದನ್ನು ಯಾರೂ ಜೇಬಿನಲ್ಲಿಟ್ಟು ತರಲಿಲ್ಲ. ಸರ್ಕಾರದ ಅನುಮತಿ ಪಡೆದು, ಮುಚ್ಚಿದ ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ರೇಷ್ಮೆ ಹುಳಕ್ಕೂ ಇತರ ಉಪಕಾರಿ ಕೀಟಗಳಿಗೂ ಅಪಾಯವಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಹೊಲಕ್ಕೆ ಬಿಟ್ಟರು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯೂ ರೈತರಿಗೆ ಇವನ್ನು ತಲುಪಿಸಿತು. ಕೆಲವೇ ತಿಂಗಳಲ್ಲಿ ಬಿಳಿ ಹಿಟ್ಟು ಕರಗಿತು. ಒಂದು ಕೀಟ ಹೇಳದೆ ಕೇಳದೆ ಬಂದು ಕೆಡಿಸಿತು, ಇನ್ನೊಂದು ಅಪ್ಪಣೆ ಪಡೆದು ಬಂದು ಉಳಿಸಿತು. ಬಾಗಿಲಿನಲ್ಲಿ ವಿವೇಚನೆಯಿದ್ದರೆ ಏನಾಗುತ್ತದೆ, ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ರೇಷ್ಮೆಯ ಸೀಮೆಗೆ ಈ ಪಾಠ ಹೊಸದೇನಲ್ಲ. ಇಂದು ಪ್ರತಿ ಹುಳದ ಮನೆಯ ಕಿಟಕಿಗೂ ನೈಲಾನ್ ಪರದೆ ಕಟ್ಟಿರುವುದು ಊಜಿ ನೊಣದ ಭಯದಿಂದ. ಅದು ನಮ್ಮಲ್ಲಿ ಮೊದಲು ಇರಲಿಲ್ಲ. ಪಶ್ಚಿಮ ಬಂಗಾಳದಿಂದ ಗೂಡುಗಳನ್ನು ಸಾಗಿಸುವಾಗ 1980ರಲ್ಲಿ ಕರ್ನಾಟಕವನ್ನು ಹೊಕ್ಕಿತು. ಆಲೂಗಡ್ಡೆಯ ಬೇರನ್ನು ಹಾಳುಮಾಡುವ ಜಂತುಹುಳು 1961ರಲ್ಲಿ ನೀಲಗಿರಿಯಲ್ಲಿ ಪತ್ತೆಯಾದ ಮೇಲೆ ಅಲ್ಲಿಯ ಬಿತ್ತನೆ ಗಡ್ಡೆ ಹೊರಗೆ ಹೋಗದಂತೆ ನಿರ್ಬಂಧ ಹೇರಬೇಕಾಯಿತು. ಆಮದು ಧಾನ್ಯದ ಜೊತೆ ಬಂದು, 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲಾದ ಪಾರ್ಥೇನಿಯಂ ನಮ್ಮ ಬದುಗಳಲ್ಲಿ ‘ಕಾಂಗ್ರೆಸ್ ಗಿಡ’ವಾಗಿ ನೆಲೆಸಿದೆ. ಅದನ್ನು ತಿನ್ನುವ ಮೆಕ್ಸಿಕೊದ ದುಂಬಿಯನ್ನು 1980ರ ದಶಕದಲ್ಲಿ ಬೆಂಗಳೂರಿಗೆ ತರಿಸಿ ಬಿಟ್ಟರೂ ಗಿಡ ಪೂರ್ತಿ ತೊಲಗಲಿಲ್ಲ. ಬೇಸಗೆಯಲ್ಲಿ ಹಿಟ್ಟುತಿಗಣೆಗೆ ಆಸರೆ ಕೊಡುವ ಗಿಡಗಳಲ್ಲಿ ಈ ಪಾರ್ಥೇನಿಯಮ್ಮೂ ಒಂದು. ಕರೆಯದೆ ಬಂದ ಒಬ್ಬ ಅತಿಥಿ ಇನ್ನೊಬ್ಬನಿಗೆ ಮನೆ ಬಾಡಿಗೆಗೆ ಕೊಟ್ಟಂತೆ.

ಹಾಗೆಂದು ಹೊರಗಿನದೆಲ್ಲ ಕೆಟ್ಟದ್ದೆನ್ನುವಂತಿಲ್ಲ. ಪಪ್ಪಾಯಕ್ಕೆ ನಮ್ಮ ಹಳ್ಳಿಗರು ಇಟ್ಟ ಹೆಸರೇ ಪರಂಗಿ ಹಣ್ಣು. ಪರಂಗಿಯವರು ತಂದದ್ದು ಎಂಬುದು ಆ ಹೆಸರಿನಲ್ಲೇ ಇದೆ. ಮೆಣಸಿನಕಾಯಿ, ಟೊಮೆಟೊ, ಕಡಲೆಕಾಯಿ, ಆಲೂಗಡ್ಡೆ, ಸೀಬೆ ಎಲ್ಲವೂ ಸಾಗರ ದಾಟಿ ಬಂದವೇ. ಅವಿಲ್ಲದೆ ನಮ್ಮ ಸಾರಿಲ್ಲ, ಚಟ್ನಿಯಿಲ್ಲ. ಹಣ್ಣು ಬರಲಿ. ಅದರ ಜೊತೆಗೆ ಬರುವವರು ಯಾರು ಎಂದು ನೋಡುವವರು ಇರಬೇಕು, ಅಷ್ಟೆ.

ನೋಡುವ ವ್ಯವಸ್ಥೆ ಕಾಗದದ ಮೇಲಾದರೂ ನಮ್ಮಲ್ಲಿ ಭದ್ರವಾಗಿಯೇ ಇದೆ. ಚೆನ್ನೈ ಬಂದರಿಗೆ ಸೇಬಿನ ಒಂದು ಶೀತಲ ಕಂಟೇನರ್ ಬಂದಿತೆನ್ನೋಣ. ಅದು ಮೂರು ಪ್ರಶ್ನೆಗಳಿಗೆ ಉತ್ತರಿಸಬೇಕು. ಮೊದಲನೆಯದು ಸುಂಕದವರದು: 1962ರ ಸುಂಕ ಕಾಯ್ದೆಯಂತೆ ಆಮದುದಾರನು ಸರಕಿನ ಬಗೆ, ಮೂಲದೇಶ, ಬೆಲೆಗಳನ್ನು ಘೋಷಿಸಿ ತೆರಿಗೆ ಕಟ್ಟಬೇಕು. ಎರಡನೆಯದು ಸಸ್ಯ ಸಂಪರ್ಕನಿಷೇಧ ಅಧಿಕಾರಿಯದು: 2003ರ ಸಸ್ಯ ಸಂಪರ್ಕನಿಷೇಧ ಆದೇಶದಂತೆ ಯಾವ ದೇಶದ ಯಾವ ಹಣ್ಣು ಯಾವ ಷರತ್ತಿನ ಮೇಲೆ ಬರಬಹುದೆಂಬ ಪಟ್ಟಿಗಳಿವೆ. ಮುಂಗಡ ಪರವಾನಗಿ ಬೇಕು, ಕಳುಹಿಸಿದ ದೇಶದ ಸರ್ಕಾರ ಕೊಟ್ಟ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಹಲವು ಹಣ್ಣುಗಳಿಗೆ ಧೂಮೀಕರಣ ಇಲ್ಲವೇ ನಿಗದಿತ ದಿನಗಳ ಕಾಲ ಸೊನ್ನೆಗೆ ಸಮೀಪದ ಶೀತದಲ್ಲಿಟ್ಟ ದಾಖಲೆ ಬೇಕು. ಹಣ್ಣಿನ ಪೆಟ್ಟಿಗೆಯ ಕೆಳಗಿನ ಮರದ ಹಲಗೆಗೂ ಉಪಚಾರದ ಮುದ್ರೆ ಇರಬೇಕು, ಏಕೆಂದರೆ ಮರದೊಳಗೂ ಕೊರೆಹುಳು ಪ್ರಯಾಣ ಮಾಡುತ್ತದೆ. ಮೂರನೆಯದು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ್ದು: 2006ರ ಕಾಯ್ದೆ ಮತ್ತು 2017ರ ಆಮದು ನಿಯಮಗಳಂತೆ ಕಾಗದ ಪರಿಶೀಲಿಸಿ, ಸರಕನ್ನು ಕಣ್ಣಾರೆ ನೋಡಿ, ಅಗತ್ಯವೆನಿಸಿದರೆ ಮಾದರಿ ತೆಗೆದು ಕೀಟನಾಶಕದ ಶೇಷ, ಮೇಣ, ಬಣ್ಣಗಳನ್ನು ಪರೀಕ್ಷೆಗೆ ಕಳುಹಿಸುತ್ತಾರೆ. 2021ರ ಮಾರ್ಚ್‌ನಿಂದ ಸೇಬೂ ಸೇರಿದಂತೆ 24 ಬೆಳೆಗಳಿಗೆ ಕುಲಾಂತರಿ ಅಲ್ಲವೆಂಬ ಪ್ರಮಾಣಪತ್ರವೂ ಬೇಕು. ಈ ಮೂವರೂ ಒಪ್ಪಿದ ಮೇಲೆ ಕಂಟೇನರ್ ಬಂದರು ಬಿಡುತ್ತದೆ. 2016ರಿಂದ ಈ ಕಚೇರಿಗಳ ವ್ಯವಹಾರವನ್ನು ಕಂಪ್ಯೂಟರಿನ ಒಂದೇ ಕಿಂಡಿಗೆ ತರಲಾಗಿದೆ.

ಮೂರು ಪ್ರಶ್ನೆಗಳ ಉದ್ದೇಶ ಬೇರೆ ಬೇರೆ. ಸುಂಕ ಕಾಯುವುದು ಬೊಕ್ಕಸವನ್ನೂ ಬೆಳೆಗಾರನ ಬೆಲೆಯನ್ನೂ. ಆಹಾರ ಸುರಕ್ಷತೆ ಕಾಯುವುದು ತಿನ್ನುವವನ ಹೊಟ್ಟೆಯನ್ನು. ಸಸ್ಯ ಸಂಪರ್ಕನಿಷೇಧ ಕಾಯುವುದು ಆ ಹಣ್ಣನ್ನು ಎಂದೂ ತಿನ್ನದ, ಅದರ ಹೆಸರನ್ನೂ ಕೇಳದ ದೊಡ್ಡಆಲಹಳ್ಳಿಯ ಹೆಂಗಸೊಬ್ಬಳ ಸೊಪ್ಪಿನ ತೋಟವನ್ನು. ಸಾರ್ವಜನಿಕ ಚರ್ಚೆಯಲ್ಲಿ ಮೊದಲ ಎರಡಕ್ಕೆ ಧ್ವನಿಯಿದೆ. ವ್ಯಾಪಾರಿಗೂ ಗ್ರಾಹಕನಿಗೂ ಸಂಘಟನೆಗಳಿವೆ. ಮೂರನೆಯದಕ್ಕೆ ಮಾತನಾಡುವವರು ಕಡಿಮೆ. ನಷ್ಟವಾದಾಗ ಅದು ಬಂದರಿನ ನಷ್ಟವೆಂದು ಯಾರೂ ಲೆಕ್ಕ ಬರೆಯುವುದಿಲ್ಲ, ಹಣೆಬರಹವೆಂದು ರೈತ ತಾನೇ ಬರೆದುಕೊಳ್ಳುತ್ತಾನೆ.

ಈ ಉದ್ದೇಶಗಳನ್ನು ಕಲಸುಮೇಲೋಗರ ಮಾಡುವ ಪ್ರವೃತ್ತಿಯೂ ಇದೆ. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಕ್ಕೆ ಅನುಗುಣವಾಗಿ 2001ರ ಏಪ್ರಿಲ್‌ನಲ್ಲಿ ಭಾರತವು ಉಳಿದಿದ್ದ 715 ಸರಕುಗಳ ಮೇಲಿನ ಪರಿಮಾಣ ನಿರ್ಬಂಧವನ್ನು ತೆಗೆದ ಮೇಲೆ ಹೊರದೇಶದ ಹಣ್ಣು ನಮ್ಮ ಸಣ್ಣ ಪಟ್ಟಣಗಳ ತಳ್ಳುಗಾಡಿಯವರೆಗೂ ಬಂತು. ಆಗ ಬೆಳೆಗಾರರ ರಕ್ಷಣೆಗೆ ಉಳಿದದ್ದು ಸುಂಕ ಮತ್ತು ಷರತ್ತು. 2015ರ ಸೆಪ್ಟೆಂಬರ್‌ನಲ್ಲಿ ಸೇಬು ನವಾ ಶೇವಾ ಬಂದರಿನಿಂದ ಮಾತ್ರ ಬರಬೇಕೆಂದು ಆದೇಶಿಸಿ, ಕೆಲವೇ ತಿಂಗಳಲ್ಲಿ ಸಡಿಲಿಸಲಾಯಿತು. 2019ರಲ್ಲಿ ಅಮೆರಿಕದ ಸೇಬಿನ ಮೇಲೆ ಶೇ 20ರಷ್ಟು ಹೆಚ್ಚುವರಿ ಸುಂಕ ಹೇರಿ 2023ರಲ್ಲಿ ತೆಗೆಯಲಾಯಿತು. ಅದೇ ವರ್ಷ ಕಿಲೋಗೆ 50 ರೂಪಾಯಿಗಿಂತ ಅಗ್ಗದ ಸೇಬಿನ ಆಮದನ್ನು ನಿಷೇಧಿಸಲಾಯಿತು. ಇವು ವ್ಯಾಪಾರದ ಪಟ್ಟುಗಳು. ಅವುಗಳಿಗೆ ಅವುಗಳದ್ದೇ ಸಮರ್ಥನೆ ಇರಬಹುದು, ಆದರೆ ಕೀಟಕ್ಕೆ ಸುಂಕದ ದರ ತಿಳಿಯುವುದಿಲ್ಲ. ಶೇ 50 ಸುಂಕ ಕಟ್ಟಿ ಬಂದ ಪೆಟ್ಟಿಗೆಯಲ್ಲೂ ಹಿಟ್ಟುತಿಗಣೆ ಇರಬಹುದು. ಇದಕ್ಕೆ ವ್ಯತಿರಿಕ್ತವಾಗಿ 2017ರಲ್ಲಿ ಚೀನಾದ ಸೇಬು, ಮರಸೇಬುಗಳಲ್ಲಿ ಮತ್ತೆ ಮತ್ತೆ ಕೀಟಗಳು ಸಿಕ್ಕಿದಾಗ ಆಮದನ್ನೇ ತಡೆದದ್ದು ಸಸ್ಯ ರಕ್ಷಣೆಯ ನಿಜವಾದ ಕೆಲಸ.

ಬಾಗಿಲಿನ ಆಚೆ ನಿಂತಾಗ ಹೇಗಿರುತ್ತದೆಂಬುದನ್ನೂ ನಾವು ಬಲ್ಲೆವು. 2013ರಲ್ಲಿ ಯೂರೋಪಿಗೆ ಹೋದ ಭಾರತದ ಹಣ್ಣು ತರಕಾರಿಗಳ 207 ರವಾನೆಗಳಲ್ಲಿ ಹಣ್ಣಿನ ನೊಣ ಮುಂತಾದ ಕೀಟಗಳು ಸಿಕ್ಕವೆಂಬ ಕಾರಣಕ್ಕೆ, 2014ರ ಮೇ ತಿಂಗಳಿನಿಂದ ಯೂರೋಪಿಯನ್ ಒಕ್ಕೂಟ ನಮ್ಮ ಮಾವು ಹಾಗೂ ನಾಲ್ಕು ತರಕಾರಿಗಳನ್ನು ನಿಷೇಧಿಸಿತು. ಆಗ ನಮ್ಮಲ್ಲಿ ಕೆಲವರು ಇದನ್ನು ಬಿಳಿಯರ ದರ್ಪವೆಂದರು. ಆದರೆ ಪ್ಯಾಕಿಂಗ್ ಮನೆಗಳನ್ನು ಸುಧಾರಿಸಿ, ಹಣ್ಣನ್ನು 48 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟು ನೊಣದ ಮೊಟ್ಟೆಯನ್ನು ನಾಶಮಾಡುವ ವ್ಯವಸ್ಥೆ ಮಾಡಿದ ಮೇಲೆ 2015ರ ಜನವರಿಯಲ್ಲಿ ಮಾವಿನ ನಿಷೇಧ ತೆರವಾಯಿತು. 2007ರಲ್ಲಿ ಅಮೆರಿಕ ನಮ್ಮ ಮಾವನ್ನು ಮತ್ತೆ ಒಪ್ಪಿಕೊಂಡದ್ದೂ ವಿಕಿರಣ ಉಪಚಾರದ ಷರತ್ತಿನ ಮೇಲೆಯೇ. ಕಟ್ಟುನಿಟ್ಟು ನಮ್ಮ ಹಣ್ಣನ್ನು ಕೆಡಿಸಲಿಲ್ಲ, ಉತ್ತಮಗೊಳಿಸಿತು. ವಿಷಾದವೆಂದರೆ ಆ ಕಾಳಜಿ ರಫ್ತಿನ ಪೆಟ್ಟಿಗೆಗೇ ಸೀಮಿತವಾಗಿದೆ. ಕ್ಯಾಲ್ಸಿಯಂ ಕಾರ್ಬೈಡ್‌ನಿಂದ ಹಣ್ಣು ಮಾಗಿಸುವುದನ್ನು ನಮ್ಮ ನಿಯಮಗಳು ನಿಷೇಧಿಸಿದ್ದರೂ ಮಾವಿನ ಕಾಲ ಬಂದಾಗಲೆಲ್ಲ ಆ ಪುಡಿಯ ಪೊಟ್ಟಣಗಳು ಮಂಡಿಗಳಲ್ಲಿ ಸಿಕ್ಕಿಬೀಳುತ್ತವೆ. ಪರದೇಶದ ಗ್ರಾಹಕನಿಗೆ ಇರುವ ಕಾವಲು ನಮ್ಮ ಸಂತೆಯ ಗ್ರಾಹಕನಿಗೆ ಬೇಡವೇ?

ತಾಜಾ ಹಣ್ಣಿನ ವ್ಯಾಪಾರಿಗಳ ಕಷ್ಟವನ್ನೂ ಮರೆಯುವಂತಿಲ್ಲ. ಕಬ್ಬಿಣ ಬಂದರಿನಲ್ಲಿ ಒಂದು ವಾರ ಕಾದರೆ ಬಾಡಿಗೆ ನಷ್ಟ, ಹಣ್ಣು ಕಾದರೆ ಸರಕೇ ನಷ್ಟ. ಹೀಗಾಗಿ ಬೇಗ ಬಿಡಿ ಎಂಬ ಒತ್ತಡ ಸದಾ ಇರುತ್ತದೆ, ಒತ್ತಡದಲ್ಲಿ ನೋಟ ಅವಸರದ್ದಾಗುತ್ತದೆ. ಇದಕ್ಕೆ ಪರಿಹಾರ ಪರೀಕ್ಷೆಯನ್ನು ಸಡಿಲಿಸುವುದಲ್ಲ. ಬಂದರಿನ ಬಳಿಯಲ್ಲೇ ಪ್ರಯೋಗಾಲಯ, ಸಾಕಷ್ಟು ಕೀಟತಜ್ಞರು, ಹಿಂದಿನ ದಾಖಲೆ ನೋಡಿ ಅಪಾಯ ಹೆಚ್ಚಿರುವ ಸರಕಿಗೆ ಹೆಚ್ಚು ಗಮನ ಕೊಡುವ ಪದ್ಧತಿ ಇವು ಬೇಕು. ಕಾನೂನಿಗೂ ಹೊಸ ಜೀವ ಬೇಕು. ಸಸ್ಯ ಸಂಪರ್ಕನಿಷೇಧ ಆದೇಶಕ್ಕೆ ತಾಯಿಬೇರು 1914ರ ವಿನಾಶಕಾರಿ ಕೀಟ ಮತ್ತು ಪಿಡುಗುಗಳ ಕಾಯ್ದೆ. ಹಡಗುಗಳು ವಾರಗಟ್ಟಲೆ ತೇಲಿ ಬರುತ್ತಿದ್ದ ಕಾಲದ್ದು ಅದು. ಅದರ ಜಾಗಕ್ಕೆ ಸಮಗ್ರ ವ್ಯವಸ್ಥೆಯೊಂದನ್ನು ತರಲು 2013ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ್ದ ಕೃಷಿ ಜೈವಿಕ ಭದ್ರತಾ ಮಸೂದೆ, ಮರುವರ್ಷ ಸದನದ ಅವಧಿ ಮುಗಿದಾಗ ಬಿದ್ದುಹೋಯಿತು. ಅದಕ್ಕಾಗಿ ಯಾರೂ ಬೀದಿಗಿಳಿಯಲಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಬಂದರಿನ ಕಂಟೇನರನ್ನು ಮೂವರು ನೋಡುತ್ತಾರೆ, ಪ್ರಯಾಣಿಕನ ಪೆಟ್ಟಿಗೆಯನ್ನು ಅವನ ಆತ್ಮಸಾಕ್ಷಿಯೊಂದೇ ನೋಡಬೇಕು. ನಮ್ಮ ಸುಂಕದ ಘೋಷಣಾ ಪತ್ರದಲ್ಲೂ ಬೀಜ, ಗಿಡ, ಹಣ್ಣು, ಹೂವುಗಳ ಬಗ್ಗೆ ಪ್ರಶ್ನೆಯಿದೆ. ಅದು ಅಲ್ಲಿರುವುದನ್ನು ಓದಿದವರೇ ಹಸಿರು ದಾರಿಯಲ್ಲಿ ನಡೆದುಹೋಗುತ್ತೇವೆ. ವರ್ಷಕ್ಕೊಮ್ಮೆ ಮಕ್ಕಳ ಮನೆಗೆ ಹೋಗಿ ಬರುವ ನಮ್ಮಂಥ ಮಧ್ಯಮವರ್ಗದ ತಂದೆತಾಯಂದಿರ ಪೆಟ್ಟಿಗೆಯಲ್ಲಿ ಒಂದು ಸೇವಂತಿಗೆ ಸಸಿ, ಒಂದು ಹೊಸ ಟೊಮೆಟೊ ತಳಿಯ ಬೀಜ, ಯಾವುದೋ ಅಂಗಳದ ಒಂದು ಕಡ್ಡಿ ಇರುವುದು ಅಪರೂಪವೇನಲ್ಲ. ಅಲ್ಲಿ ಸಾಲಿನಲ್ಲಿ ನಿಂತು ಸತ್ಯ ಹೇಳುವ ನಾವು ಇಲ್ಲಿ ಏಕೆ ಹೇಳುವುದಿಲ್ಲ? ಅಲ್ಲಿ ದಂಡದ ಭಯ. ಇಲ್ಲಿ ನಮ್ಮದೇ ನೆಲ, ನಮ್ಮದೇ ಅಕ್ಕಂದಿರ ತೋಟ, ಆದರೂ ಭಯವಿಲ್ಲ.

ಅಂದು ಅಕ್ಕನ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಚೀಲದಲ್ಲಿದ್ದ ಗುಲಾಬಿ ಕಡ್ಡಿಗಳನ್ನು ತೆಗೆದು ಅವಳ ಮುಂದಿಟ್ಟೆ. ಹಿತ್ತಲಲ್ಲಿ ನೆಡೋಣವೆಂದು ಒಂದನ್ನು ಅವಳಿಗಾಗಿಯೇ ತಂದಿದ್ದೆ. ಅವಳು ಕಡ್ಡಿಯನ್ನು ಬೆಳಕಿಗೆ ಹಿಡಿದು, ಗಿಣ್ಣಿನ ಸಂದಿಗಳನ್ನು ಉಗುರಿನಿಂದ ಕೆದಕಿ ನೋಡಿದಳು. ಹುಳದ ಮನೆಯಲ್ಲಿ ಮೂವತ್ತು ವರ್ಷ ಕಳೆದ ಕಣ್ಣು ಅದು. ‘ಏನೂ ಕಾಣಲ್ಲ. ಆವತ್ತೂ ಮೊದಲು ಏನೂ ಕಾಣ್ತಿರಲಿಲ್ಲ’ ಎಂದಳು. ನಾನು ಎರಡೂ ಕಡ್ಡಿಗಳನ್ನು, ಸುತ್ತಿದ್ದ ಒದ್ದೆ ಬಟ್ಟೆಯ ಸಮೇತ ತೆಗೆದುಕೊಂಡು ಹೋಗಿ ಬಚ್ಚಲು ಮನೆಯ ಹಂಡೆ ಒಲೆಗೆ ಹಾಕಿದೆ. ಹಸಿ ಕಡ್ಡಿ, ಉರಿಯಲು ಬಹಳ ಹೊತ್ತು ಹಿಡಿಯಿತು. ಅದು ಪೂರ್ತಿ ಬೂದಿಯಾಗುವವರೆಗೆ ಅಕ್ಕ ಬಾಗಿಲಲ್ಲೇ ನಿಂತಿದ್ದಳು.